ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದಿಸಲು ಕಾಲೇಜು ಹುಡುಗರು: ಅಮೆರಿಕದಲ್ಲಿ ವರ್ಕ್-ಸ್ಟಡಿ ಹಣ ಬಳಸುವ ಸಮಗ್ರ ಮಾರ್ಗದರ್ಶಿ

ಪ್ರತಿ ಸೆಪ್ಟೆಂಬರಿನಲ್ಲೂ ನನಗೆ ಒಂದೇ ತರಹದ ಫೋನ್ ಬರುತ್ತದೆ. "ಲೈಬ್ರರಿಯಲ್ಲಿ ಹೋಂವರ್ಕ್ ಕ್ಲಾಸ್ ಶುರು ಮಾಡಿದ್ದೇವೆ. ಮಕ್ಕಳು ಬರ್ತಿದ್ದಾರೆ, ಹೇಳಿಕೊಡುವವರು ಸಾಲುತ್ತಿಲ್ಲ. ಕಾಲೇಜಿಗೆ ಕೇಳಿದರೆ ಈ ವರ್ಷ ಆಗಲ್ಲ ಅಂದರು." ಇನ್ನೊಂದು ಫೋನ್ ಮಾರ್ಚ್‌ನಲ್ಲಿ ಬರುತ್ತದೆ. "ಹುಡುಗರು ಸಿಕ್ಕಿದ್ದರು, ಆದರೆ ಅವರ ಹಣ ಮುಗಿಯಿತಂತೆ. ನಾಳೆಯಿಂದ ಬರಲ್ಲ."

ಎರಡಕ್ಕೂ ಕಾರಣ ಒಂದೇ. ನಾವು ಮಕ್ಕಳ ಲೆಕ್ಕ ಹಾಕುತ್ತೇವೆ, ಕಾಲೇಜು ವಿದ್ಯಾರ್ಥಿಯ ಲೆಕ್ಕ ಹಾಕುವುದಿಲ್ಲ. ವರ್ಕ್-ಸ್ಟಡಿ ಎಂದರೆ ಹಣದ ಅಗತ್ಯ ಇರುವ ಕಾಲೇಜು ವಿದ್ಯಾರ್ಥಿ ಓದಿನ ಜೊತೆ ಕೆಲಸ ಮಾಡಿ ಸಂಬಳವಾಗಿ ಪಡೆಯುವ ಸರ್ಕಾರಿ ನೆರವು. ಅವನಿಗೆ ವರ್ಷಕ್ಕೆ ಇಷ್ಟೇ ಡಾಲರ್ ಎಂದು ಗೊತ್ತುಮಾಡಿರುತ್ತಾರೆ. ಅವನ ಕ್ಲಾಸು, ಪರೀಕ್ಷೆ, ರಜೆ ಎಲ್ಲಾ ಬೇರೆ. ನಮ್ಮ ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸಿ ಕಟ್ಟಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಆ ಶಾಲಾ ವರ್ಷವೇ ಕೈತಪ್ಪುತ್ತದೆ.

## 1. ಮೊದಲು ನಿಮ್ಮ ಸಂಸ್ಥೆ ಲೆಕ್ಕಕ್ಕೆ ಬರುತ್ತದೆಯೇ ನೋಡಿ

ಫೆಡರಲ್ ವರ್ಕ್-ಸ್ಟಡಿ ಹಣ ಬರುವುದು ಕೇಂದ್ರ ಸರ್ಕಾರದಿಂದ, ಹಂಚುವುದು ಕಾಲೇಜು. ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಸಾಮಾನ್ಯವಾಗಿ ಸರ್ಕಾರಿ ಶಾಲೆ, ಸಾರ್ವಜನಿಕ ಲೈಬ್ರರಿ, ಊರಿನ ಪಾರ್ಕ್ ಇಲಾಖೆ, ಲಾಭಕ್ಕಾಗಿ ನಡೆಯದ ಸಂಸ್ಥೆ ಇಂಥವು ಅರ್ಹ. ಕೆಲಸ ಸಾರ್ವಜನಿಕರ ಹಿತಕ್ಕೆ ಇರಬೇಕು.

ನಮ್ಮ ಕನ್ನಡ ಸಂಘಗಳು ಎಡವುವುದು ಇಲ್ಲೇ. ನಿಯಮ ಹೇಳುವುದು ಹೀಗೆ: ಸದಸ್ಯತ್ವಕ್ಕೆ ಮಿತಿ ಇರುವ ಸಂಸ್ಥೆಯ ಸದಸ್ಯರಿಗೇ ಮುಖ್ಯವಾಗಿ ಅನುಕೂಲ ಆಗುವ ಕೆಲಸ ಸಾರ್ವಜನಿಕ ಹಿತವಲ್ಲ. ಅಂದರೆ ಸಂಘದ ಸದಸ್ಯರ ಮಕ್ಕಳಿಗೆ ಮಾತ್ರ ಹೋಂವರ್ಕ್ ಕ್ಲಾಸ್ ನಡೆಸಿದರೆ ಕಾಲೇಜು ಒಪ್ಪುವುದು ಕಷ್ಟ. ಅದೇ ಸಂಘ ಊರಿನ ಲೈಬ್ರರಿಯಲ್ಲಿ ಎಲ್ಲರ ಮಕ್ಕಳಿಗೂ ಬಾಗಿಲು ತೆರೆದರೆ ಮಾತೇ ಬೇರೆ. ದೇವಸ್ಥಾನದ ಹಾಲ್‌ನಲ್ಲಿ ನಡೆಸುತ್ತಿದ್ದೀರಾ? ಪೂಜೆಗೆ ಅಥವಾ ಧರ್ಮಬೋಧನೆಗೆ ಬಳಸುವ ಜಾಗವನ್ನು ನೋಡಿಕೊಳ್ಳುವ ಕೆಲಸವನ್ನು ಈ ಹಣದಲ್ಲಿ ಮಾಡಿಸುವಂತಿಲ್ಲ. ಕುರ್ಚಿ ಜೋಡಿಸು, ಹಾಲ್ ಗುಡಿಸು ಎಂದು ಹುಡುಗರಿಗೆ ಹೇಳುವ ಹಾಗಿಲ್ಲ. ನನ್ನ ಸಲಹೆ, ಲೈಬ್ರರಿಗೋ ಶಾಲೆಗೋ ಹೋಗಿಬಿಡಿ. ವಾದ ಮಾಡುತ್ತಾ ಕೂರುವುದು ತಪ್ಪುತ್ತದೆ.

ಕೈಯಲ್ಲಿ ಇರಬೇಕಾದ ಕಾಗದಗಳು ಕಡಿಮೆಯೇ: ಸಂಸ್ಥೆಯ ತೆರಿಗೆ ಸಂಖ್ಯೆ, ತೆರಿಗೆ ವಿನಾಯಿತಿ ಕೊಟ್ಟ ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಪತ್ರ, ವಿಮೆಯ ಪ್ರಮಾಣಪತ್ರ, ಜಾಗದ ಒಪ್ಪಿಗೆ, ಮಕ್ಕಳ ಸುರಕ್ಷತೆಗೆ ನೀವು ಬರೆದುಕೊಂಡ ನಿಯಮ. ಕೊನೆಯದು ಇಲ್ಲದಿದ್ದರೆ ಈ ವಾರವೇ ಬರೆಯಿರಿ.

## 2. ಕೆಲಸಕ್ಕೆ ಸರಿಯಾದ ಹೆಸರು ಕೊಡಿ

ಯಾರೂ ಗಮನ ಕೊಡದ ಹಂತ ಇದು. ಹಣ ಉಳಿಯುವುದು ಮಾತ್ರ ಇಲ್ಲೇ.

ಸಾಮಾನ್ಯ ವರ್ಕ್-ಸ್ಟಡಿ ಕೆಲಸದಲ್ಲಿ ಸಂಬಳದ 75% ವರೆಗೆ ಫೆಡರಲ್ ಹಣ. ಉಳಿದ 25% ಕಾಲೇಜಿನ ಪಾಲು, ಕ್ಯಾಂಪಸ್ ಹೊರಗಿನ ಕೆಲಸವಾದರೆ ಅದನ್ನು ಹೆಚ್ಚಾಗಿ ನಿಮ್ಮಿಂದಲೇ ಕೇಳುತ್ತಾರೆ. ಆದರೆ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಮತ್ತು ಎಲಿಮೆಂಟರಿ (ಪ್ರಾಥಮಿಕ ಶಾಲೆ) ಮಕ್ಕಳಿಗೆ ಓದು ಕಲಿಸುವ ಟ್ಯೂಟರ್ ಆದರೆ ಫೆಡರಲ್ ಪಾಲು 100% ವರೆಗೂ ಹೋಗಬಹುದು. ಎಲಿಮೆಂಟರಿಯಿಂದ 9ನೇ ತರಗತಿವರೆಗೆ ಗಣಿತ ಹೇಳಿಕೊಡುವ ಟ್ಯೂಟರಿಗೂ ಹಾಗೆಯೇ.

ಈಗ ಎರಡು ಕೆಲಸದ ವಿವರ ನೋಡಿ. ಮೊದಲನೆಯದು: "ಶಾಲೆ ನಂತರದ ಸಹಾಯಕ. ಮಕ್ಕಳನ್ನು ನೋಡಿಕೊಳ್ಳುವುದು, ತಿಂಡಿ ಹಂಚುವುದು, ಆಟ ಆಡಿಸುವುದು, ಹೋಂವರ್ಕ್‌ಗೆ ಸಹಾಯ." ಎರಡನೆಯದು: "ಓದಿನ ಟ್ಯೂಟರ್. 1ರಿಂದ 4ನೇ ತರಗತಿಯ ಮೂರು ಮಕ್ಕಳೊಂದಿಗೆ ದಿನಕ್ಕೆ ತಲಾ 30 ನಿಮಿಷ ಗಟ್ಟಿಯಾಗಿ ಓದಿಸುವುದು, ಎಡವಿದ ಪದಗಳನ್ನು ಗುರುತು ಹಾಕುವುದು, ವಾರಕ್ಕೊಮ್ಮೆ ಮೇಲ್ವಿಚಾರಕರಿಗೆ ವರದಿ." ಮೊದಲನೆಯದಕ್ಕೆ ನಿಮ್ಮ ಕೈಯಿಂದ 25% ಹೋಗುವ ಸಾಧ್ಯತೆ ಜಾಸ್ತಿ. ಎರಡನೆಯದಕ್ಕೆ ಕಾಲೇಜು ಒಪ್ಪಿದರೆ ಒಂದು ಪೈಸೆಯೂ ಬೇಡ.

ಸುಮ್ನೆ ಹೆಸರು ಬದಲಿಸಿ ಸುಳ್ಳು ಬರೆಯಬೇಡಿ. ಓದಿನ ಟ್ಯೂಟರ್ ಎಂದು ಬರೆದು ತಿಂಡಿ ಹಂಚಿಸಿದರೆ ಅದು ಸರ್ಕಾರದ ಹಣದ ದುರುಪಯೋಗ. ಕೆಲಸವನ್ನೇ ಬದಲಿಸಿ. ತಿಂಡಿ, ಆಟ, ಹಾಜರಿ ಪೋಷಕ ಸ್ವಯಂಸೇವಕರಿಗೆ ಬಿಡಿ. ಕಾಲೇಜಿನವರು ಓದಿಸಲಿ. ಮಕ್ಕಳಿಗೂ ಅದೇ ಒಳ್ಳೆಯದು, ಅಲ್ವಾ?

ಇನ್ನೊಂದು ದಾರಿಯೂ ಇದೆ. ಪಾಲು ಕೊಡಲು ನಿಜಕ್ಕೂ ಆಗದ ಸಣ್ಣ ಸಂಸ್ಥೆಗೆ ಫೆಡರಲ್ ಪಾಲನ್ನು 90% ವರೆಗೆ ಏರಿಸುವ ಅವಕಾಶ ಕಾಲೇಜಿಗಿದೆ. ಆದರೆ ವರ್ಕ್-ಸ್ಟಡಿ ವಿದ್ಯಾರ್ಥಿಗಳಲ್ಲಿ 10% ಜನರಿಗಷ್ಟೇ ಇದನ್ನು ಬಳಸಬಹುದು. ಕೇಳಿ ನೋಡಿ, ನೆಚ್ಚಿ ಕೂರಬೇಡಿ. ಲಾಭಕ್ಕೆ ನಡೆಯುವ ಟ್ಯೂಷನ್ ಸೆಂಟರ್ ಆದರೆ ಫೆಡರಲ್ ಪಾಲು 50% ಮಾತ್ರ, ಅದೂ ವಿದ್ಯಾರ್ಥಿಯ ಓದಿಗೆ ಸಂಬಂಧಪಟ್ಟ ಕೆಲಸವಾಗಿರಬೇಕು.

## 3. ಕಾಲೇಜಿಗೆ ಹೋಗುವುದು ಫೆಬ್ರವರಿಯಲ್ಲಿ, ಸೆಪ್ಟೆಂಬರಿನಲ್ಲಿ ಅಲ್ಲ

ವರ್ಕ್-ಸ್ಟಡಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಮುಂದಿನ ವರ್ಷ ಯಾವ ಸಂಸ್ಥೆಗೆ ಎಷ್ಟು ಜನ ಎಂದು ಅನೇಕ ಕಾಲೇಜುಗಳು ಬೇಸಿಗೆಗೆ ಮೊದಲೇ ಗೊತ್ತುಮಾಡಿಕೊಳ್ಳುತ್ತವೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮೊದಲ ಭೇಟಿ ಮುಗಿಸಿ.

ಯಾರನ್ನು ನೋಡಬೇಕು? ವಿದ್ಯಾರ್ಥಿಗಳ ಹಣದ ನೆರವು ಗೊತ್ತುಮಾಡುವ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ವಿದ್ಯಾರ್ಥಿ ಉದ್ಯೋಗ ನೋಡಿಕೊಳ್ಳುವವರನ್ನು. ಕೆಲವು ಕಡೆ ಸಮುದಾಯ ಸೇವೆಗೆ ಬೇರೆ ಆಫೀಸೇ ಇರುತ್ತದೆ. ಪ್ರೊಫೆಸರ್ ಪರಿಚಯ ಇದೆ ಎಂದು ಅವರ ಹಿಂದೆ ಹೋಗಬೇಡಿ, ಈ ಹಣ ಅವರ ಕೈಯಲ್ಲಿಲ್ಲ.

ಬೇಡಿಕೊಳ್ಳುವ ಧ್ವನಿಯಲ್ಲಿ ಹೋಗಬೇಕಾಗಿಲ್ಲ. ಕಾಲೇಜು ತನಗೆ ಬಂದ ವರ್ಕ್-ಸ್ಟಡಿ ಹಣದಲ್ಲಿ ಕನಿಷ್ಠ 7% ಸಮುದಾಯ ಸೇವೆಯ ಕೆಲಸಗಳಿಗೆ ಖರ್ಚು ಮಾಡಲೇಬೇಕು. ಅದರಲ್ಲಿ ಮಕ್ಕಳಿಗೆ ಓದು ಕಲಿಸುವ ಅಥವಾ ಕುಟುಂಬ ಸಾಕ್ಷರತೆಯ ಒಂದು ಯೋಜನೆಯಾದರೂ ಇರಬೇಕು. ಇದು ಕಾನೂನು. "ನಿಮ್ಮ 7% ಲೆಕ್ಕಕ್ಕೆ ಸೇರುವ ಓದಿನ ಟ್ಯೂಟರ್ ಕೆಲಸ ನಮ್ಮಲ್ಲಿ ನಾಲ್ಕಿದೆ, ಮೇಲ್ವಿಚಾರಣೆ ನಮ್ಮದು" ಎಂದು ಹೇಳಿ. ಆ ಮಾತಿಗೆ ಎದುರಿನವರು ಪೆನ್ನು ತೆಗೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ದೊಡ್ಡ ಯೂನಿವರ್ಸಿಟಿಯ ಜೊತೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿಗೂ ಹೋಗಿ. ಅಲ್ಲಿನ ವಿದ್ಯಾರ್ಥಿಗಳು ಅದೇ ಊರಿನವರು. ರಜೆಗೆ ಊರು ಬಿಟ್ಟು ಹೋಗುವುದಿಲ್ಲ.

## 4. ಒಪ್ಪಂದದಲ್ಲಿ ಮೂರು ಪ್ರಶ್ನೆಗೆ ಉತ್ತರ ಇರಲಿ

ಕಾಲೇಜಿಗೂ ನಿಮಗೂ ಲಿಖಿತ ಒಪ್ಪಂದ ಆಗಬೇಕು. ಸಹಿ ಹಾಕುವ ಮುಂಚೆ ಮೂರು ವಿಷಯ ಹುಡುಕಿ ನೋಡಿ.

ಕಾನೂನಿನ ಕಣ್ಣಲ್ಲಿ ಮಾಲೀಕ ಯಾರು? ಕಾಲೇಜೇ ಮಾಲೀಕನಾದರೆ, ಪೂರ್ಣಾವಧಿಯ ಅರ್ಧಕ್ಕಿಂತ ಕಡಿಮೆಯಾಗದಷ್ಟು ಕೋರ್ಸ್ ತೆಗೆದುಕೊಂಡ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ತೆರಿಗೆ ಇಲ್ಲ. ನೀವು ಮಾಲೀಕರಾದರೆ ಆ ವಿನಾಯಿತಿ ಇಲ್ಲ. ಸಂಬಳದ 7.65% ನಿಮ್ಮ ಪಾಲು, ಅಷ್ಟೇ ಅವನ ಸಂಬಳದಿಂದಲೂ ಕಡಿತ. ಮಾಲೀಕನ ಈ ತೆರಿಗೆಗೂ ಕೆಲಸಗಾರರ ವಿಮೆಗೂ ಫೆಡರಲ್ ವರ್ಕ್-ಸ್ಟಡಿ ಹಣ ಬಳಸುವಂತಿಲ್ಲ. ಸಾಧ್ಯವಾದಷ್ಟೂ ಕಾಲೇಜೇ ಮಾಲೀಕನಾಗುವ ಒಪ್ಪಂದ ಕೇಳಿ.

ಸಂಬಳ ಯಾರು ಕೊಡುತ್ತಾರೆ, ನಿಮ್ಮ ಪಾಲಿನ ಬಿಲ್ ಯಾವಾಗ ಬರುತ್ತದೆ? ತಿಂಗಳಿಗೊಮ್ಮೆಯೋ ಸೆಮಿಸ್ಟರಿಗೊಮ್ಮೆಯೋ ತಿಳಿದಿರಲಿ. ಆಡಳಿತ ಶುಲ್ಕ ಸೇರಿದೆಯೇ ಎಂದೂ ನೋಡಿ.

ಗಂಟೆಗೆ ಎಷ್ಟು? ಫೆಡರಲ್ ಕನಿಷ್ಠ ಕೂಲಿ 7.25 ಡಾಲರ್. ನಿಮ್ಮ ರಾಜ್ಯದ್ದೋ ಊರಿನದ್ದೋ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ಲೆಕ್ಕ. ಕ್ಯಾಂಪಸ್ ಕೆಲಸಕ್ಕಿಂತ ಒಂದೆರಡು ಡಾಲರ್ ಹೆಚ್ಚಿಲ್ಲದಿದ್ದರೆ ಬಸ್ಸು ಹತ್ತಿ ನಿಮ್ಮ ಹತ್ತಿರ ಯಾರೂ ಬರುವುದಿಲ್ಲ.

## 5. ಗಂಟೆಯ ಲೆಕ್ಕ: ಎಲ್ಲರೂ ಬೀಳುವ ಗುಂಡಿ

ಇದನ್ನು ನಿಧಾನವಾಗಿ ಓದಿ.

ವಿದ್ಯಾರ್ಥಿಗೆ ವರ್ಷಕ್ಕೆ 2,500 ಡಾಲರ್ ಅವಾರ್ಡ್ (ವರ್ಕ್-ಸ್ಟಡಿಯಲ್ಲಿ ಗಳಿಸಲು ಕಾಲೇಜು ಗೊತ್ತುಮಾಡಿದ ಮೊತ್ತ) ಇದೆ ಎಂದುಕೊಳ್ಳಿ. ಗಂಟೆಗೆ 16 ಡಾಲರ್. ಒಟ್ಟು 156 ಗಂಟೆ. ಇಡೀ ವರ್ಷಕ್ಕೆ ಇಷ್ಟೇ.

ಅದರಲ್ಲಿ ತರಬೇತಿಗೆ 12 ಗಂಟೆ ತೆಗೆಯಿರಿ. ಉಳಿದದ್ದು 144. ನಿಮ್ಮ ಕ್ಲಾಸ್ ಮಧ್ಯಾಹ್ನ 3:15ರಿಂದ 5:30, ಅಂದರೆ ಎರಡೂಕಾಲು ಗಂಟೆ. ಓಡಾಟಕ್ಕೆ ದಿನಕ್ಕೆ ಅರ್ಧ ಗಂಟೆ. ಸಮುದಾಯ ಸೇವೆಯ ಕೆಲಸಕ್ಕೆ ಹೋಗಿಬರುವ ಸಮಯಕ್ಕೂ ಹದವಾದ ಮಟ್ಟಿಗೆ ಸಂಬಳ ಕೊಡಲು ಅವಕಾಶವಿದೆ, ಇದನ್ನು ಹಲವರು ಮರೆಯುತ್ತಾರೆ. ವಾರಕ್ಕೆ ಎರಡು ದಿನ ಬಂದರೆ ಐದೂವರೆ ಗಂಟೆ. 144ನ್ನು ಐದೂವರೆಯಿಂದ ಭಾಗಿಸಿದರೆ 26 ವಾರ.

ಕಾಲೇಜಿನ ಎರಡು ಸೆಮಿಸ್ಟರ್ ಸೇರಿ ಸುಮಾರು 30 ವಾರ. ಪರೀಕ್ಷೆಗೆ ಎರಡು ವಾರ, ಥ್ಯಾಂಕ್ಸ್‌ಗಿವಿಂಗ್ ಒಂದು, ಸ್ಪ್ರಿಂಗ್ ಬ್ರೇಕ್ ಒಂದು ಕಳೆದರೆ 26. ಲೆಕ್ಕ ಸರಿಹೋಯಿತು.

ಈಗ ಆಸೆಪಟ್ಟು ವಾರಕ್ಕೆ ಮೂರು ದಿನ ಕರೆಸಿಕೊಳ್ಳಿ. ಎಂಟೂಕಾಲು ಗಂಟೆ ಆಯಿತು. 17 ವಾರಕ್ಕೆ ಹಣ ಖಾಲಿ. ಸೆಪ್ಟೆಂಬರ್ ನಡುವೆ ಶುರುಮಾಡಿದರೆ ಮಾರ್ಚ್ ಮೊದಲ ವಾರಕ್ಕೆ ಎಲ್ಲಾ ಮುಗಿಯುತ್ತದೆ.

ನಮ್ಮ ಮೊದಲ ವರ್ಷ ಹೀಗೇ ಆಯಿತು. ಇಬ್ಬರು ವಿದ್ಯಾರ್ಥಿಗಳು, ಹನ್ನೊಂದು ಮಕ್ಕಳು. ಮಾರ್ಚ್‌ನಲ್ಲಿ ಇಬ್ಬರದೂ ಒಂದೇ ವಾರ ಮುಗಿಯಿತು. ಅವರಲ್ಲಿ ಒಬ್ಬಳು "ಪರವಾಗಿಲ್ಲ, ಹಣ ಇಲ್ಲದೆಯೂ ಬರುತ್ತೇನೆ" ಎಂದಳು. ನಾನು ಖುಷಿಯಿಂದ ಒಪ್ಪಿದೆ. ಕಾಲೇಜಿನವರು ಫೋನ್ ಮಾಡಿ ನಿಲ್ಲಿಸಿದರು, ನಿಲ್ಲಿಸಿದ್ದೇ ಸರಿ. ಸಂಬಳದ ಮೇಲೆ ಮಾಡಿದ ಕೆಲಸವನ್ನೇ ಅದೇ ಜಾಗದಲ್ಲಿ ಬಿಟ್ಟಿ ಮಾಡಿಸುವುದು ಕಾನೂನಿಗೆ ವಿರುದ್ಧ. ಅವಳ ಮೇಜಿನ ಮುಂದೆ ಮೂರು ಮಕ್ಕಳು ಪುಸ್ತಕ ತೆರೆದು ಬಾಗಿಲ ಕಡೆ ನೋಡುತ್ತಾ ಕೂತಿದ್ದರು. ಆ ಸೋಮವಾರ ನನಗೆ ಇನ್ನೂ ಮರೆತಿಲ್ಲ.

ಆದ್ದರಿಂದ ಒಬ್ಬರನ್ನು ಮೂರು ದಿನ ಕರೆಸುವ ಬದಲು ಇಬ್ಬರನ್ನು ಎರಡೆರಡು ದಿನ ಕರೆಸಿ. ಅವಾರ್ಡ್ ಅನ್ನು ಸೆಮಿಸ್ಟರಿಗೆ ಅರ್ಧರ್ಧ ಹಂಚಿದ್ದಾರೆಯೇ, ಮೊದಲ ಸೆಮಿಸ್ಟರಿನಲ್ಲಿ ಉಳಿದದ್ದು ಮುಂದಕ್ಕೆ ಬರುತ್ತದೆಯೇ ಎಂದು ಕಾಲೇಜನ್ನು ಕೇಳಿ ಬರೆದಿಟ್ಟುಕೊಳ್ಳಿ.

## 6. ಯಾರು ಬರಬಹುದು, ಯಾರು ಬರಬಾರದು

ವಿದ್ಯಾರ್ಥಿ ಫ್ಯಾಫ್ಸಾ, ಅಂದರೆ ಫೆಡರಲ್ ವಿದ್ಯಾರ್ಥಿ ನೆರವಿನ ಅರ್ಜಿ ತುಂಬಿರಬೇಕು, ಹಣದ ಅಗತ್ಯ ಇದೆಯೆಂದು ಕಾಲೇಜು ಒಪ್ಪಿರಬೇಕು, ವರ್ಕ್-ಸ್ಟಡಿ ಅವಾರ್ಡ್ ಸಿಕ್ಕಿರಬೇಕು. ಅಮೆರಿಕದ ಪ್ರಜೆ, ಗ್ರೀನ್ ಕಾರ್ಡ್ ಇರುವವರು ಅರ್ಹರು.

ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ: "ಅಣ್ಣನ ಮಗ ಇಲ್ಲೇ ಎಂಎಸ್ ಮಾಡ್ತಿದ್ದಾನೆ, ಅವನನ್ನು ಹಾಕಿಕೊಳ್ಳಬಹುದಾ?" ಅವನು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದರೆ ಆಗುವುದಿಲ್ಲ. ಅಪ್ಪ ಅಮ್ಮನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬೆಳೆದು ಇಲ್ಲಿಯ ಕಾಲೇಜು ಸೇರಿದ ನಮ್ಮ ಮಕ್ಕಳಿಗೂ ಫೆಡರಲ್ ವರ್ಕ್-ಸ್ಟಡಿ ಇಲ್ಲ. ಹತ್ತು ವರ್ಷ ಇಲ್ಲೇ ಓದಿದ ಹುಡುಗಿಗೆ ಇದನ್ನು ಹೇಳುವಾಗ ಸಂಕಟವಾಗುತ್ತದೆ. ಆದರೂ ಹೇಳಲೇಬೇಕು. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಸಂಬಳಕ್ಕೆ ದುಡಿದರೆ ಅವರ ವೀಸಾಗೇ ಕುತ್ತು. ಕೈಯಲ್ಲಿ ನಗದು ಕೊಟ್ಟು "ಯಾರಿಗೂ ಗೊತ್ತಾಗಲ್ಲ ಬಿಡಿ" ಎನ್ನುವವರ ಮಾತು ಕೇಳಬೇಡಿ.

ಆಯ್ಕೆಗೆ ಬರೀ ಮಾತಿನ ಸಂದರ್ಶನ ಸಾಲದು. ಪೋಷಕರ ಒಪ್ಪಿಗೆ ಪಡೆದು, ನೀವು ಪಕ್ಕದಲ್ಲೇ ಕೂತು, ಹದಿನೈದು ನಿಮಿಷ ಒಂದು ಮಗುವಿನ ಜೊತೆ ಓದಿಸಿ ನೋಡಿ. ಒಮ್ಮೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕುದುರೆ ಮೇಲಿನ ವೀರನ ಕಥೆ ಓದುತ್ತಾ "ನೈಟ್" ಪದದ ಮುಂದೆ ನಿಂತಳು. ಶುರುವಿನ ಕೆ ಅಕ್ಷರ ಅವಳನ್ನು ತಡೆದಿತ್ತು. ಮೊದಲು ಬಂದಿದ್ದ ವಿದ್ಯಾರ್ಥಿ ತಕ್ಷಣ "ನೈಟ್" ಎಂದು ಹೇಳಿ ಮುಂದೆ ಹೋದ. ಎರಡನೆಯವನು ಆ ಕೆ ಮೇಲೆ ಬೆರಳಿಟ್ಟು ಮುಚ್ಚಿ ಸುಮ್ಮನೆ ಕಾದ. ಅವಳಿಗೆ "ಲೈಟ್" ಓದಲು ಮೊದಲೇ ಬರುತ್ತಿತ್ತು. ಉಳಿದಿದ್ದನ್ನು ಅವಳೇ ಓದಿಬಿಟ್ಟಳು. ಎರಡನೆಯವನ ಮಾರ್ಕ್ಸ್ ಕಡಿಮೆ ಇತ್ತು. ಅವನನ್ನೇ ತೆಗೆದುಕೊಂಡೆವು.

## 7. ಹಿನ್ನೆಲೆ ಪರಿಶೀಲನೆ ಮುಗಿಯದೆ ಕೆಲಸ ಬೇಡ

ಬೆರಳಚ್ಚು, ಪೊಲೀಸ್ ದಾಖಲೆ ಪರಿಶೀಲನೆ, ಕೆಲವು ಕಡೆ ಕ್ಷಯರೋಗದ ಪರೀಕ್ಷೆ. ನಿಯಮ ರಾಜ್ಯ ರಾಜ್ಯಕ್ಕೆ, ಶಾಲಾ ಜಿಲ್ಲೆ ಜಿಲ್ಲೆಗೆ ಬೇರೆ. ಶಾಲೆಯಲ್ಲಿ ನಡೆಸುತ್ತಿದ್ದರೆ ಶಾಲಾ ಜಿಲ್ಲೆಯ ನಿಯಮವೇ ನಡೆಯುತ್ತದೆ. ಬೇರೆ ರಾಜ್ಯದಲ್ಲಿ ಬೆಳೆದ ವಿದ್ಯಾರ್ಥಿಯದು ತಡವಾಗಬಹುದು. ಹಾಗಾಗಿ ಕ್ಲಾಸ್ ಶುರುವಾಗುವ ಆರರಿಂದ ಎಂಟು ವಾರ ಮೊದಲೇ ಅರ್ಜಿ ಹಾಕಿಸಿ. ಶುಲ್ಕ ಯಾರು ಕೊಡುತ್ತಾರೆ ಎಂಬುದು ಒಪ್ಪಂದದಲ್ಲೇ ಇರಲಿ. ಕೆಲಸ ಕೇಳಿಕೊಂಡು ಬರುವ ವಿದ್ಯಾರ್ಥಿಗೆ ಆ ಹಣವೂ ಭಾರವೇ.

"ಒಳ್ಳೆ ಮನೆತನದ ಹುಡುಗ, ವರದಿ ಬರುವವರೆಗೆ ಸುಮ್ನೆ ಕೂತಿರಲಿ" ಎನ್ನಬೇಡಿ. ಒಬ್ಬ ವಿದ್ಯಾರ್ಥಿ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಕ್ಕಳನ್ನು ತನ್ನ ಕಾರಿನಲ್ಲಿ ಕರೆದೊಯ್ಯಬಾರದು. ಮಕ್ಕಳ ಫೋನ್ ನಂಬರ್ ಇಟ್ಟುಕೊಳ್ಳಬಾರದು. ಮಗುವಿಗೆ ಹಿಂಸೆ ಆಗುತ್ತಿದೆ ಎಂಬ ಅನುಮಾನ ಬಂದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬುದು ಮೊದಲ ದಿನವೇ ಅವರಿಗೆ ಗೊತ್ತಿರಬೇಕು.

## 8. ತರಬೇತಿ ಸಂಬಳದ ಸಮಯದಲ್ಲೇ

ಟ್ಯೂಟರ್ ತರಬೇತಿಗೂ ವರ್ಕ್-ಸ್ಟಡಿ ಹಣ ಕೊಡಬಹುದು. ಸುಮಾರು 20 ಗಂಟೆಯವರೆಗೆ ಸರಿಯಾದ ಅವಧಿ ಎನ್ನುತ್ತಾರೆ. ನಾನು 12ಕ್ಕೆ ನಿಲ್ಲಿಸುತ್ತೇನೆ, ಯಾಕೆಂದರೆ ತರಬೇತಿಯ ಒಂದೊಂದು ಗಂಟೆಯೂ ಮಕ್ಕಳ ಗಂಟೆಯಿಂದಲೇ ಹೋಗುತ್ತದೆ. ಆರು ಗಂಟೆ ಮೊದಲೇ, ಉಳಿದ ಆರು ಗಂಟೆ ತಿಂಗಳಿಗೊಮ್ಮೆ ಒಂದೊಂದರಂತೆ. ಹತ್ತಿರದ ಶಾಲೆಯ ಒಬ್ಬ ಓದಿನ ಶಿಕ್ಷಕಿ ಒಂದು ಮಧ್ಯಾಹ್ನ ಬಂದು ತೋರಿಸಿಕೊಟ್ಟರೆ ಹತ್ತು ವಿಡಿಯೋಗಿಂತ ಮೇಲು.

## 9. ಎರಡು ಕ್ಯಾಲೆಂಡರ್ ಒಂದೇ ಗೋಡೆಗೆ ಹಾಕಿ

ಶಾಲೆಯ ಕ್ಯಾಲೆಂಡರ್, ಕಾಲೇಜಿನ ಕ್ಯಾಲೆಂಡರ್ ಅಕ್ಕಪಕ್ಕ ತೂಗುಹಾಕಿ. ಎರಡೂ ಹೊಂದದ ವಾರಗಳಿಗೆ ಕೆಂಪು ಬಣ್ಣ ಬಳಿಯಿರಿ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೂರನೇ ವಾರದವರೆಗೆ ಅನೇಕ ಕಾಲೇಜು ಖಾಲಿ, ಶಾಲೆ ಅದರಲ್ಲಿ ಅರ್ಧದಷ್ಟು ದಿನಗಳು ನಡೆಯುತ್ತದೆ. ಸ್ಪ್ರಿಂಗ್ ಬ್ರೇಕ್ ಒಂದೇ ವಾರ ಬರುವುದು ಅಪರೂಪ. ಕಾಲೇಜು ಮೇ ತಿಂಗಳಲ್ಲೇ ಮುಗಿಯುತ್ತದೆ, ಎಷ್ಟೋ ಶಾಲೆಗಳು ಜೂನ್‌ವರೆಗೆ ಇರುತ್ತವೆ.

ಆ ಕೆಂಪು ವಾರಗಳಿಗೆ ಸೆಪ್ಟೆಂಬರಿನಲ್ಲೇ ಪೋಷಕರ, ನಿವೃತ್ತ ಶಿಕ್ಷಕರ ಹೆಸರು ಬರೆಯಿರಿ. ಭಾರತದಿಂದ ಆರು ತಿಂಗಳಿಗೆ ಬಂದ ಅಜ್ಜ ಅಜ್ಜಿಯರಲ್ಲಿ ಗಣಿತ ಮೇಷ್ಟ್ರಾಗಿದ್ದವರು ಎಷ್ಟೋ ಜನ ಇದ್ದಾರೆ. ಅವರಿಗೆ ಸಂಬಳ ಕೊಡುವಂತಿಲ್ಲ, ಶುದ್ಧ ಸ್ವಯಂಸೇವೆ ಮಾತ್ರ. ಹಿನ್ನೆಲೆ ಪರಿಶೀಲನೆ ಅವರಿಗೂ ಬೇಕು.

## 10. ಟೈಮ್‌ಶೀಟ್ ನಿಮ್ಮ ಸಹಿ

ವಾರದ ಕೊನೆಗೆ ನೆನಪಿನಿಂದ ತುಂಬಿಸಬೇಡಿ. ಬಂದ ಹೊತ್ತು, ಹೋದ ಹೊತ್ತು ಅಂದೇ ಬರೆಸಿ. ವಿದ್ಯಾರ್ಥಿಯ ಕಾಲೇಜು ಟೈಮ್‌ಟೇಬಲ್ ಪ್ರತಿ ಸೆಮಿಸ್ಟರ್ ಹೊಸದಾಗಿ ಪಡೆದು ಫೈಲಿನಲ್ಲಿಡಿ. ಅವನ ಕ್ಲಾಸ್ ಇರುವ ಹೊತ್ತಿನಲ್ಲಿ ಕೆಲಸ ಮಾಡಿದ್ದಾನೆ ಎಂದು ಟೈಮ್‌ಶೀಟ್ ತೋರಿಸಿದರೆ ಆ ಹಣ ವಾಪಸ್ ಹೋಗಬೇಕಾದೀತು. ಕ್ಲಾಸ್ ರದ್ದಾಗಿದ್ದರೆ ಅದಕ್ಕೆ ಕಾಗದ ಇರಬೇಕು.

ಸಹಿ ಹಾಕುವಾಗ ಪ್ರತಿ ಬಾರಿ ಉಳಿದ ಗಂಟೆಯನ್ನೂ ಪಕ್ಕದಲ್ಲಿ ಬರೆಯಿರಿ. ಇದೊಂದೇ ಅಭ್ಯಾಸ ನಮ್ಮ ಎರಡನೇ ವರ್ಷವನ್ನು ಉಳಿಸಿತು.

## 11. ಎಚ್ಚರಿಕೆಯ ಗುರುತುಗಳು

ಡಿಸೆಂಬರ್ ರಜೆಗೆ ಮೊದಲೇ ಅರ್ಧಕ್ಕಿಂತ ಜಾಸ್ತಿ ಗಂಟೆ ಮುಗಿದಿದ್ದರೆ ಜನವರಿಯಲ್ಲೇ ಒಂದು ದಿನ ಕಡಿಮೆ ಮಾಡಿ. ಕಾಲೇಜಿಗೂ ಪತ್ರ ಬರೆಯಿರಿ. ವಿದ್ಯಾರ್ಥಿಯ ಅಗತ್ಯ ಇನ್ನೂ ಉಳಿದಿದ್ದು ಕಾಲೇಜಿನ ಬಳಿ ಹಣ ಇದ್ದರೆ ಅವಾರ್ಡ್ ಹೆಚ್ಚಿಸುವುದುಂಟು.

ವಿದ್ಯಾರ್ಥಿ ಕೋರ್ಸ್ ಬಿಡುತ್ತಿದ್ದಾನೆ ಎಂದು ಗೊತ್ತಾದರೆ ತಕ್ಷಣ ಕೇಳಿ. ಓದಿನಲ್ಲಿ ಕಾಲೇಜು ಕೇಳುವಷ್ಟು ಪ್ರಗತಿ ಇಲ್ಲದಿದ್ದರೆ ನೆರವು ನಿಲ್ಲುತ್ತದೆ. ಕಾಲೇಜೇ ಬಿಟ್ಟರೆ ಅಂದಿಗೇ ನಿಮ್ಮ ಕೆಲಸವೂ ಮುಗಿಯಿತು.

ಎರಡು ವಾರದಲ್ಲಿ ಎರಡು ಸಲ ತಡವಾಗಿ ಬಂದರೆ ಗದರುವ ಮುಂಚೆ ಬಸ್ಸಿನ ವೇಳೆ ನೋಡಿ. ನಮ್ಮಲ್ಲಿ ಒಬ್ಬಳ ತೊಂದರೆ ಅದೇ ಆಗಿತ್ತು. ಅವಳ ಪಾಳಿಯನ್ನು ಕಾಲು ಗಂಟೆ ಮುಂದೆ ಹಾಕಿದೆವು, ಮತ್ತೆ ತಡವಾಗಲಿಲ್ಲ.

ಮಗು "ಇವತ್ತು ಅಕ್ಕ ಫೋನ್ ನೋಡ್ತಾ ಇದ್ರು" ಎಂದರೆ ಅಂದೇ ಮಾತಾಡಿ.

## 12. ಏಪ್ರಿಲ್‌ನಲ್ಲೇ ಮುಂದಿನ ವರ್ಷ

ವರ್ಕ್-ಸ್ಟಡಿ ಅವಾರ್ಡ್ ತಾನಾಗಿ ಮುಂದುವರಿಯುವುದಿಲ್ಲ. ಫ್ಯಾಫ್ಸಾ ಪ್ರತಿ ವರ್ಷ ತುಂಬಬೇಕು. ಮತ್ತೆ ಬರಲು ಇಷ್ಟ ಇರುವವರು ಅರ್ಜಿ ಹಾಕಿದ್ದಾರೆಯೇ ಕೇಳಿ. ಅವರ ಹೆಸರನ್ನು ಕಾಲೇಜಿಗೆ ಲಿಖಿತವಾಗಿ ಕೊಡಿ, ಇಲ್ಲದಿದ್ದರೆ ಅವರನ್ನು ಬೇರೆ ಕಡೆ ಹಾಕಿಬಿಡುತ್ತಾರೆ.

ಕೊನೆಯ ವಾರ ಪ್ರತಿ ಟ್ಯೂಟರಿಗೂ ಒಂದು ಗಂಟೆ ಉಳಿಸಿಡಿ, ಸಂಬಳದ ಗಂಟೆಯೇ. ಆ ಗಂಟೆಯಲ್ಲಿ ತನ್ನ ಮೂರು ಮಕ್ಕಳ ಬಗ್ಗೆ ಒಂದೊಂದು ಪುಟ ಬರೆಯಲಿ: ಯಾವ ಪುಸ್ತಕದವರೆಗೆ ಬಂದಿದ್ದಾರೆ, ಯಾವ ಪದಗಳಲ್ಲಿ ಇನ್ನೂ ನಿಲ್ಲುತ್ತಾರೆ, ಏನು ಹೇಳಿದರೆ ಮತ್ತೆ ಓದಲು ಶುರು ಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ಹೊಸ ಟ್ಯೂಟರ್ ಬಂದ ದಿನ ಮೊದಲು ಕೈಗೆ ಕೊಡಬೇಕಾದ ಕಾಗದ ಅದು.